ಉತ್ತರನ ಪೌರುಷ: ಗಾದೆ ಹೇಳದೆ ಬಿಟ್ಟದ್ದು

ಮಹಾಭಾರತದ ವಿರಾಟರಾಜನ ಮಗ ಉತ್ತರಕುಮಾರನ ಪಾತ್ರಚಿತ್ರಣ ಬರೆಯಿರಿ ಎಂದರೆ ನಮ್ಮಲ್ಲಿ ಹೆಚ್ಚಿನವರು ‘ಹೇಡಿ, ಬಡಾಯಿಕೋರ, ಹಾಸ್ಯಪಾತ್ರ’ ಎಂದು ಬರೆದು ಕೈ ತೊಳೆದುಕೊಳ್ಳುತ್ತೇವೆ. ನಾನೂ ಹಾಗೆ ಬರೆದವನೇ. ‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ಗಾದೆ ತಲೆಯಲ್ಲಿ ಮೊದಲೇ ಕೂತಿರುವಾಗ ಪಠ್ಯ ಏನು ಹೇಳುತ್ತದೆ ಎಂದು ನೋಡುವವರು ಯಾರು? ಈ ಸಲ ಗಂಡಸುತನ ಎಂಬ ಒಂದೇ ಎಳೆ ಹಿಡಿದು, ಪಾಂಡವರು ವೇಷ ಮರೆಸಿಕೊಂಡು ವಿರಾಟನ ಅರಮನೆಯಲ್ಲಿ ಅಜ್ಞಾತವಾಸ ಕಳೆಯುವ ವಿರಾಟಪರ್ವ ಓದಿದೆ.

ಮೊದಲು ಒಂದು ಪದ. ‘ಗಂಡ’ ಎಂದರೆ ಪತಿ, ಶೂರ ಎರಡೂ ಹೌದು. ವಿಜಯನಗರದ ಅರಸರ ‘ಮೂರುರಾಯರ ಗಂಡ’ ಬಿರುದಿನಲ್ಲಿರುವುದು ಎರಡನೆಯ ಅರ್ಥ. ವಿರಾಟನ ಮೈದುನ ಕೀಚಕನ ಕಾಟ ತಾಳಲಾರದೆ ಭೀಮನ ಮುಂದೆ ನಿಂತ ಕುಮಾರವ್ಯಾಸನ ದ್ರೌಪದಿ ಚುಚ್ಚುವುದು ಈ ಪದದಿಂದಲೇ: ಮೂರು ಲೋಕಕ್ಕೆ ಗಂಡರಾದ ಐವರು ಗಂಡಂದಿರಿಗೆ ಒಬ್ಬ ಹೆಂಡತಿಯನ್ನು ಕಾಯಲಾಗಲಿಲ್ಲವೇ? ಕಾಪಾಡಲಾಗದವನು ಗಂಡನೇ ಅಲ್ಲ ಎಂಬ ಈ ಅಳತೆಗೋಲು ಕೀಚಕನನ್ನು ಕೊಲ್ಲಲು ಭೀಮನನ್ನು ನರ್ತನಶಾಲೆಯ ಕತ್ತಲೆಗೆ ಕಳಿಸುತ್ತದೆ.

ಇನ್ನು ಉತ್ತರ. ತ್ರಿಗರ್ತದ ಅರಸ ಸುಶರ್ಮನ ಮೇಲೆ ಯುದ್ಧಕ್ಕೆಂದು ವಿರಾಟ ಸೇನೆ ಸಮೇತ ಹೊರಟುಹೋಗಿದ್ದಾನೆ. ಅತ್ತ ಉತ್ತರ ದಿಕ್ಕಿನಲ್ಲಿ ಕೌರವರು ದನಗಳನ್ನು ಹಿಡಿದ ಸುದ್ದಿ ಬಂದಾಗ ಅರಮನೆಯಲ್ಲಿರುವ ರಾಜಪುತ್ರ ಈ ಹುಡುಗನೊಬ್ಬನೇ, ಸುತ್ತ ಹೆಂಗಸರು. ಒಳ್ಳೆಯ ಸಾರಥಿ ಸಿಕ್ಕಿದರೆ ಭೀಷ್ಮ ದ್ರೋಣರನ್ನೆಲ್ಲ ನೋಡಿಕೊಳ್ಳುತ್ತೇನೆ ಎನ್ನುತ್ತಾನೆ. ಇದನ್ನು ಬರೀ ಸುಳ್ಳು ಎನ್ನಲು ನನಗೆ ಮನಸ್ಸಿಲ್ಲ. ರಾಜಕುಮಾರ ಆಡಬೇಕೆಂದು ಊರು ಕಾಯುವ ಮಾತನ್ನೇ ಅವನು ಆಡುತ್ತಿದ್ದಾನೆ, ಅವನಿಗೆ ಗೊತ್ತಿರುವ ಗಂಡಸುತನವೇ ಅಷ್ಟು. ಕೌರವ ಸೇನೆ ಕಣ್ಣಿಗೆ ಬಿದ್ದದ್ದೇ ತಡ, ರಥದಿಂದ ಹಾರಿ ಓಡುತ್ತಾನೆ.

ಅವನನ್ನು ಅಟ್ಟಿಸಿಕೊಂಡು ಹೋಗಿ ಹಿಡಿಯುವವನು ಯಾರು? ಬೃಹನ್ನಳೆ. ಊರ್ವಶಿಯ ಶಾಪದಿಂದ ಷಂಡನಾಗಿ, ಅಂತಃಪುರದಲ್ಲಿ ಹೆಣ್ಣುಮಕ್ಕಳಿಗೆ ನಾಟ್ಯ ಕಲಿಸುತ್ತಿರುವ ಅರ್ಜುನ. ಗಂಡು ವೇಷದವನು ಓಡುತ್ತಿದ್ದಾನೆ, ಜಡೆ ಹಾರಿಸಿಕೊಂಡು ಹೆಣ್ಣು ವೇಷದವನು ಬೆನ್ನಟ್ಟುತ್ತಿದ್ದಾನೆ, ಕೌರವ ಸೈನಿಕರು ನೋಡಿ ನಗುತ್ತಿದ್ದಾರೆ. ನಾವೂ ನಗುತ್ತೇವೆ. ಆದರೆ ಬೃಹನ್ನಳೆ ‘ನೀನು ಗಂಡಸಲ್ಲವೇ’ ಎಂದು ಹಂಗಿಸಿ ಅಲ್ಲಿಗೇ ಬಿಡುವುದಿಲ್ಲ, ಹುಡುಗನ ಕೈಗೆ ಕೆಲಸ ಕೊಡುತ್ತಾಳೆ: ನಾನು ಕಾದುತ್ತೇನೆ, ನೀನು ಕುದುರೆ ಹಿಡಿ. ಬನ್ನಿಮರದಿಂದ ಆಯುಧಗಳನ್ನು ಇಳಿಸಿಕೊಟ್ಟ ಉತ್ತರ ಲಗಾಮು ಹಿಡಿದು ಅದೇ ಸೇನೆಯೊಳಕ್ಕೆ ರಥ ನುಗ್ಗಿಸುತ್ತಾನೆ. (ಬೃಹನ್ನಳೆಗೆ ‘ಅವನು’ ಎನ್ನಬೇಕೋ ‘ಅವಳು’ ಎನ್ನಬೇಕೋ ಎಂದು ಬರೆಯುವಾಗ ನನಗೇ ತಡವರಿಕೆಯಾಯಿತು.)

ಗೆದ್ದ ಮೇಲಿನ ಭಾಗವನ್ನು ದಯವಿಟ್ಟು ಬಿಡಬೇಡಿ, ನನ್ನ ವಾದ ನಿಂತಿರುವುದೇ ಅದರ ಮೇಲೆ. ವ್ಯಾಸಭಾರತದಲ್ಲಿ ಅರ್ಜುನನೇ ಹೇಳುತ್ತಾನೆ: ನಮ್ಮ ಗುಟ್ಟು ಬಿಡಬೇಡ, ಗೆದ್ದದ್ದು ನೀನೇ ಎಂದುಬಿಡು. ಅತ್ತ ವಿರಾಟನಿಗೆ ಮಗನ ಗೆಲುವಿನ ಸುದ್ದಿ ಮುಟ್ಟಿ ಊರೆಲ್ಲ ಸಂಭ್ರಮ. ಪಗಡೆಯಾಡುತ್ತ ಕಂಕಭಟ್ಟ (ವೇಷ ಮರೆಸಿಕೊಂಡ ಧರ್ಮರಾಯ) ಬೃಹನ್ನಳೆಯ ಹೆಸರೆತ್ತಿದ್ದಕ್ಕೆ, ನನ್ನ ಮಗನಿಗೆ ಷಂಡನನ್ನು ಸರಿಗಟ್ಟುತ್ತೀಯಾ ಎಂದು ದಾಳವನ್ನು ಅವನ ಮುಖಕ್ಕೆ ಎಸೆದು ರಕ್ತ ಬರಿಸುತ್ತಾನೆ. ಮಗನ ಗಂಡಸುತನ ಅಪ್ಪನ ಮರ್ಯಾದೆಯ ಪ್ರಶ್ನೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಆ ಸಭೆಗೆ ಉತ್ತರ ಬರುತ್ತಾನೆ. ಬೇಕಿದ್ದ ಬಿರುದು ಬಿಟ್ಟಿಯಾಗಿ ಕಾದಿದೆ. ಅವನು ಹೇಳುವುದೇ ಬೇರೆ: ದನಗಳನ್ನು ಬಿಡಿಸಿದವನು ನಾನಲ್ಲ, ನಾನು ಹೆದರಿ ಓಡಿದ್ದೆ, ಒಬ್ಬ ದೇವಪುತ್ರ ತಡೆದು ನಿಲ್ಲಿಸಿದ. ಅರ್ಜುನನ ಗುಟ್ಟನ್ನೂ ಉಳಿಸಿದ, ಗೆಲುವನ್ನೂ ತನ್ನದೆನ್ನಲಿಲ್ಲ. ಬೆಳಿಗ್ಗೆ ಹೆಂಗಸರ ಮುಂದೆ ಇಲ್ಲದ ಶೌರ್ಯ ಕೊಚ್ಚಿಕೊಂಡಿದ್ದ ಹುಡುಗ ಈಗ ತುಂಬಿದ ಸಭೆಯಲ್ಲಿ, ಅಪ್ಪನ ಎದುರು, ತನ್ನ ಹೆದರಿಕೆಯನ್ನು ಒಪ್ಪಿಕೊಳ್ಳುತ್ತಿದ್ದಾನೆ.

ಪಾತ್ರಚಿತ್ರಣ ಬರೆಯುವಾಗ ಭೀಷ್ಮಪರ್ವದ ಒಂದು ಸಾಲನ್ನೂ ಸೇರಿಸಿಕೊಳ್ಳಿ. ಕುರುಕ್ಷೇತ್ರದ ಮೊದಲ ದಿನವೇ ಆನೆಯೇರಿ ಬಂದು ಶಲ್ಯನ ರಥದ ಕುದುರೆಗಳನ್ನು ಕೊಂದು, ಶಲ್ಯನ ಶಕ್ತ್ಯಾಯುಧಕ್ಕೆ ಬಲಿಯಾದವನು ಇದೇ ಉತ್ತರ. ಆ ದಿನ ಅವನು ಓಡಲಿಲ್ಲ.