ಮರ್ಯಾದಸ್ಥರಾಗಿದ್ದರೆ ಮರ್ಯಾದೆ ಸಿಗುವುದಿಲ್ಲವೇ?

ಪ್ರಶ್ನೆ: ಅಮೆರಿಕದ ಕಪ್ಪು ಮಹಿಳೆಯರ ಬಗ್ಗೆ ಓದುವಾಗ ‘ಮರ್ಯಾದಸ್ಥಿಕೆಯ ರಾಜಕಾರಣ’ ಎಂಬ ಮಾತು ಟೀಕೆಯಾಗಿ ಬರುತ್ತದೆ. ಶುಚಿಯಾದ ಉಡುಪು, ತಗ್ಗಿದ ದನಿ, ಒಪ್ಪವಾದ ಕೂದಲು, ಇವುಗಳಲ್ಲಿ ತಪ್ಪೇನಿದೆ?

ಉತ್ತರ: ಉಡುಪನ್ನು ಯಾರೂ ದೂರುತ್ತಿಲ್ಲ. ಹುಟ್ಟಿನಿಂದಲೇ ಬರಬೇಕಾದ ಹಕ್ಕನ್ನು ಒಳ್ಳೆಯ ನಡತೆಗೆ ಕೊಡುವ ಇನಾಮು ಎಂದು ನಂಬಿಸಿದ್ದೇ ತಕರಾರಿನ ಮೂಲ.

ಒಪ್ಪವಾಗಿ ನಡೆದುಕೊಂಡು ಬಿಳಿಯರ ಗೌರವ ಗಳಿಸುವ ಈ ದಾರಿಗೆ ‘ಮರ್ಯಾದಸ್ಥಿಕೆಯ ರಾಜಕಾರಣ’ ಎಂಬ ಹೆಸರನ್ನು ಇತಿಹಾಸಕಾರ್ತಿ ಎವೆಲಿನ್ ಬ್ರೂಕ್ಸ್ ಹಿಗ್ಗಿನ್‌ಬಾಥಮ್ 1993ರಲ್ಲಿ ಬಳಕೆಗೆ ತಂದರು. ಕಪ್ಪು ಬ್ಯಾಪ್ಟಿಸ್ಟ್ ಚರ್ಚುಗಳ ಮಹಿಳೆಯರ ಚರಿತ್ರೆ ಬರೆಯುವಾಗ ಬಳಸಿದ ಈ ಮಾತು ಅವರ ಬಾಯಲ್ಲಿ ಬೈಗುಳವಾಗಿರಲಿಲ್ಲ. ಆ ಮಹಿಳೆಯರಲ್ಲಿ ಒಬ್ಬರು ನ್ಯಾನಿ ಹೆಲೆನ್ ಬರೋಸ್. 1909ರಲ್ಲಿ ವಾಷಿಂಗ್ಟನ್‌ನಲ್ಲಿ ಅವರು ತೆರೆದ ಹುಡುಗಿಯರ ಶಾಲೆ ಹೆಸರಾದದ್ದು ಮೂರಕ್ಕೆ: ಬೈಬಲ್, ಸ್ನಾನ, ಪೊರಕೆ. ಇಂದು ನಗು ಬರಬಹುದು. ಆದರೆ ಬಿಳಿಯರ ಮನೆಗೆಲಸಕ್ಕೆ ಹೋದ ಹುಡುಗಿಯ ಮೇಲೆ ಯಜಮಾನ ಕೈಹಾಕಿದರೆ ತಪ್ಪು ಅವಳದೇ ಎನ್ನುತ್ತಿದ್ದ ಕಾಲ ಅದು. ಪೊಲೀಸರೂ ಅವಳ ಪಾಲಿಗಿರಲಿಲ್ಲ. ಇಸ್ತ್ರಿ ಮಾಡಿದ ಬಟ್ಟೆ ಅವಳ ಕೈಗೆಟುಕಿದ ಗುರಾಣಿ.

ಆ ಗುರಾಣಿಯ ಭಾರ ಇಂದಿಗೂ ಇಳಿದಿಲ್ಲ. ಕೂದಲನ್ನೇ ನೋಡಿ. ಅಲಬಾಮಾ ರಾಜ್ಯದಲ್ಲಿ ಒಬ್ಬ ಕಪ್ಪು ಮಹಿಳೆಗೆ 2010ರಲ್ಲಿ ಕೆಲಸ ಸಿಕ್ಕಿತು. ಜಡೆಗಟ್ಟಿದ ಕೂದಲನ್ನು ಕತ್ತರಿಸಲು ಒಪ್ಪದ್ದರಿಂದ ಕೆಲಸ ಕೈತಪ್ಪಿತು. ಗಿರಾಕಿಗಳ ಮುಖವನ್ನೂ ನೋಡಬೇಕಿಲ್ಲದ, ಫೋನಿನಲ್ಲಿ ಮಾತಾಡುವ ಕೆಲಸ! ಕೇಶಶೈಲಿ ಬದಲಿಸಬಹುದಾದದ್ದು, ಆದ್ದರಿಂದ ಇದು ಜನಾಂಗ ತಾರತಮ್ಯವಲ್ಲ ಎಂದು 2016ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ಇಂಥ ತಾರತಮ್ಯವನ್ನು ತಡೆಯುವ ‘ಕ್ರೌನ್’ ಕಾಯ್ದೆಯನ್ನು ಮೊದಲು ತಂದ ರಾಜ್ಯ ಕ್ಯಾಲಿಫೋರ್ನಿಯಾ, ಅದೂ 2019ರಲ್ಲಿ.

ಇದು ಹೊರಗಿನವರು ಒಡ್ಡುವ ಪರೀಕ್ಷೆ. ನನ್ನನ್ನು ಹೆಚ್ಚು ಕಾಡುವುದು ತಮ್ಮವರೇ ಒಡ್ಡಿದ ಪರೀಕ್ಷೆ.

ಅಲಬಾಮಾದ ಮಾಂಟ್‌ಗೊಮರಿಯ ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಡಲು ಒಪ್ಪದ ರೋಸಾ ಪಾರ್ಕ್ಸ್ ನಮ್ಮ ಶಾಲೆಯ ಮಕ್ಕಳಿಗೂ ಗೊತ್ತು. ಅದು 1955ರ ಡಿಸೆಂಬರ್ 1. ಅದಕ್ಕೂ ಒಂಬತ್ತು ತಿಂಗಳು ಮೊದಲು, ಮಾರ್ಚ್ 2ರಂದು, ಅದೇ ಊರಿನಲ್ಲಿ 15 ವರ್ಷದ ಕ್ಲಾಡೆಟ್ ಕಾಲ್ವಿನ್ ಅದನ್ನೇ ಮಾಡಿದ್ದಳು. ಪೊಲೀಸರು ಕೋಳ ತೊಡಿಸಿ ಎಳೆದೊಯ್ದರು. ಹೋರಾಟದ ಮುಖವಾಗಬಲ್ಲಳೇ ಎಂದು ಊರಿನ ಕಪ್ಪು ಮುಖಂಡರು ಅವಳನ್ನು ಅಳೆದು ನೋಡಿದರು: ಎಳೆಯ ವಯಸ್ಸು, ಬಡವರ ಕೇರಿ, ಬಾಯಿ ಜೋರು. ಕೆಲವೇ ತಿಂಗಳಲ್ಲಿ ಮದುವೆಯಿಲ್ಲದೆ ಗರ್ಭಿಣಿಯಾದಳು. ಮಾತು ಅಲ್ಲಿಗೆ ಮುಗಿಯಿತು. ಅಕ್ಟೋಬರಿನಲ್ಲಿ ಸೀಟು ಬಿಡದೆ ಬಂಧನಕ್ಕೊಳಗಾದ 18ರ ಮೇರಿ ಲೂಯಿಸ್ ಸ್ಮಿತ್‌ಳನ್ನೂ ಕೈಬಿಟ್ಟರು. ಅವಳ ತಂದೆ ಕುಡುಕ ಎಂಬ ಗುಲ್ಲಿತ್ತು. ಪಾರ್ಕ್ಸ್‌ಗೆ 42 ವರ್ಷ, ಮದುವೆಯಾದವರು, ಮೆಲುದನಿಯವರು. ಹೋರಾಟದಲ್ಲಿ ಪಳಗಿದವರೂ ಹೌದು, ಆದರೆ ಜನಪ್ರಿಯ ಕಥೆಯಲ್ಲಿ ಉಳಿದದ್ದು ದಣಿದ ದರ್ಜಿ ಹೆಂಗಸು ಮಾತ್ರ.

ಮುಖಂಡರನ್ನು ಸುಲಭವಾಗಿ ಬೈಯಲಾರೆ. ಬಿಳಿಯರ ಪತ್ರಿಕೆಗಳು ಬಸುರಿ ಹುಡುಗಿಯನ್ನು ಹರಿದು ತಿನ್ನುತ್ತಿದ್ದವು, ಅದು ಅವರಿಗೆ ಗೊತ್ತಿತ್ತು. ಆದರೂ ಬಸ್ಸುಗಳಲ್ಲಿನ ಪ್ರತ್ಯೇಕತೆಯನ್ನು 1956ರಲ್ಲಿ ಕೊನೆಗೊಳಿಸಿದ ಮೊಕದ್ದಮೆಯ ಫಿರ್ಯಾದಿಗಳಲ್ಲಿ ಪಾರ್ಕ್ಸ್ ಹೆಸರಿಲ್ಲ. ಅಲ್ಲಿರುವ ನಾಲ್ವರು ಮಹಿಳೆಯರಲ್ಲಿ ಇಬ್ಬರು ಕಾಲ್ವಿನ್ ಮತ್ತು ಸ್ಮಿತ್. ಮೆರವಣಿಗೆಯ ಮುಂದೆ ನಿಲ್ಲಿಸಲು ಹಿಂಜರಿದ ಹುಡುಗಿ, ಸಾಕ್ಷಿಕಟ್ಟೆಗೆ ಬೇಕಾದಳು.

ಬಸ್ಸಿನ ಆ ಬಂಧನದಿಂದ ಅವಳ ಮೇಲೆ ಉಳಿದಿದ್ದ ಹಳೆಯ ದಾಖಲೆಯನ್ನು ನ್ಯಾಯಾಲಯ ಅಳಿಸಿಹಾಕಿದ್ದು 2021ರಲ್ಲಿ. ಆಗ ಕಾಲ್ವಿನ್‌ಗೆ 82 ವರ್ಷ.