ಪದ ಪರಿಚಯ: ಬ್ಲಾಗ್‌ರೋಲ್

ಹೋದ ತಿಂಗಳು ಅಣ್ಣನ ಮಗಳು ಬೀದರ್‌ಗೆ ನಮ್ಮ ಮನೆಗೆ ಬಂದಿದ್ದಳು. ಡಿಗ್ರಿ ಎರಡನೇ ವರ್ಷ ಓದುತ್ತಾಳೆ. ನನ್ನ ಲ್ಯಾಪ್‌ಟಾಪಿನಲ್ಲಿ ಹಳೆಯ ಕನ್ನಡ ಬ್ಲಾಗೊಂದು ತೆರೆದಿತ್ತು. ಬರಹದ ಬಲಗಡೆ ಉದ್ದಕ್ಕೆ ಹೆಸರುಗಳ ಸಾಲು.

"ಕಾಕಾ, ಬಾಜೂಕ ಇವೇನ್ರಿ ಇಷ್ಟ್ ಹೆಸರು? ಜಾಹೀರಾತೇನು?"

"ಅಲ್ಲವ್ವ, ಅದಕ್ಕ ಬ್ಲಾಗ್‌ರೋಲ್ ಅಂತಾರ."

"ಹಂಗಂದ್ರ?"

ಆ ಪದವನ್ನು ಅವಳು ಕೇಳಿಯೇ ಇರಲಿಲ್ಲ. ಬ್ಲಾಗು ಅಂದರೆ ವಿಡಿಯೊ ಮಾಡಿ ಹಾಕುವುದು ಅಂತಲೇ ಅವಳು ತಿಳಿದಿದ್ದಳು. ಅದು ವ್ಲಾಗು. ಬ್ಲಾಗು ಅಂದರೆ ಅಂತರ್ಜಾಲದಲ್ಲಿ ಒಬ್ಬರು ತಮ್ಮದೇ ಪುಟದಲ್ಲಿ ಬರೆಯುತ್ತ ಹೋಗುವ ಬರಹ. ವ್ಲಾಗು ಅನ್ನುವುದು ವಿಡಿಯೊ ಮತ್ತು ಬ್ಲಾಗು ಎರಡೂ ಕೂಡಿ ಆದ ಪದ, ಆಮೇಲೆ ಬಂದದ್ದು. ಅವತ್ತು ಅವಳಿಗೆ ಹೇಳಿದ್ದನ್ನೇ ಇಲ್ಲಿ ಇನ್ನಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಬ್ಲಾಗ್‌ರೋಲ್ ಅಂದರೆ ಒಬ್ಬ ಬ್ಲಾಗಿಗ ತಾನು ಓದುವ ಬೇರೆಯವರ ಬ್ಲಾಗುಗಳ ಹೆಸರನ್ನು ತನ್ನ ಪುಟದ ಪಕ್ಕದಲ್ಲಿ ಬರೆದಿಡುವ ಪಟ್ಟಿ. ಹೆಸರು ಒತ್ತಿದರೆ ಆ ಬ್ಲಾಗು ತೆರೆಯುತ್ತದೆ. ಕನ್ನಡದ ಬ್ಲಾಗುಗಳಲ್ಲಿ ಇದಕ್ಕೆ 'ನಾನು ಓದುವವರು', 'ಗೆಳೆಯರ ಬಳಗ' ಅಂತೆಲ್ಲ ತಲೆಬರಹ ಇರುತ್ತಿತ್ತು. ನಮ್ಮ ಉಸ್ಮಾನ್‌ಗಂಜಿನಲ್ಲಿ ಒಂದು ಸಾಮಾನು ಕೇಳಿದಾಗ ಅಂಗಡಿಯವರು "ನಮ್ಮಲ್ಲಿ ಇಲ್ರಿ, ಆ ಮೂಲೆ ಅಂಗಡಿಗೆ ಹೋಗ್ರಿ, ಅವರ ಹತ್ರ ಚಲೋದು ಸಿಗ್ತದ" ಅನ್ನುತ್ತಾರಲ್ಲ, ಹಾಗೆ. ಗಿರಾಕಿಯನ್ನು ಬೇರೆ ಕಡೆ ಕಳಿಸಿದರೂ ಆ ಅಂಗಡಿಯ ಮೇಲೆ ನಂಬಿಕೆ ಜಾಸ್ತಿಯೇ ಆಗುತ್ತದೆ.

ಈಗ ಪದವನ್ನೇ ಬಿಡಿಸೋಣ. ಹಿಂದೆ ಹಡಗಿನವರು ವೇಗ ಅಳೆಯಲು ಗಂಟು ಹಾಕಿದ ಹಗ್ಗಕ್ಕೆ ಮರದ ತುಂಡೊಂದನ್ನು ಕಟ್ಟಿ ನೀರಿಗೆ ಎಸೆಯುತ್ತಿದ್ದರು. ಮರಳಿನ ಗಡಿಯಾರ ಖಾಲಿಯಾಗುವಷ್ಟರಲ್ಲಿ ಎಷ್ಟು ಗಂಟು ಕೈಯಿಂದ ಜಾರಿದವು ಅಂತ ಎಣಿಸುತ್ತಿದ್ದರು. ಹಡಗಿನ ವೇಗವನ್ನು ಇಂದಿಗೂ 'ನಾಟ್' ಅಂದರೆ ಗಂಟುಗಳಲ್ಲಿ ಹೇಳುವುದು ಇದಕ್ಕೇ. ಮರದ ತುಂಡಿಗೆ ಇಂಗ್ಲಿಷಿನಲ್ಲಿ 'ಲಾಗ್'. ಆ ಲೆಕ್ಕ ಬರೆದಿಡುವ ಪುಸ್ತಕ 'ಲಾಗ್ ಬುಕ್' ಆಯಿತು. ಲಾರಿ ಡ್ರೈವರ್‌ಗಳ ಹತ್ತಿರವೂ ಲಾಗ್ ಬುಕ್ ಇರುತ್ತದೆ. ಎಲ್ಲಿಂದ ಹೊರಟೆ, ಎಲ್ಲಿಗೆ ಮುಟ್ಟಿದೆ ಅನ್ನುವ ದಾಖಲೆ.

1997ರ ಡಿಸೆಂಬರ್‌ನಲ್ಲಿ ಜಾರ್ನ್ ಬಾರ್ಗರ್ ಎಂಬ ಅಮೆರಿಕದವರು ತಮ್ಮ ಪುಟಕ್ಕೆ 'ವೆಬ್‌ಲಾಗ್' ಎಂದು ಹೆಸರಿಟ್ಟರು. ಅವರು ಅಲ್ಲಿ ಮಾಡುತ್ತಿದ್ದದ್ದು ಏನು ಗೊತ್ತೇ? ಅಂತರ್ಜಾಲದಲ್ಲಿ ಓದಿದ್ದರಲ್ಲಿ ಹಿಡಿಸಿದ್ದರ ಕೊಂಡಿಯನ್ನು ದಿನವೂ ಒಂದೊಂದು ಸಾಲಿನ ಮಾತಿನೊಡನೆ ಬರೆದಿಡುವುದು. ಹಡಗಿನ ಲಾಗ್ ಬುಕ್ಕಿನ ಹಾಗೆ, ಇವತ್ತು ಜಾಲದಲ್ಲಿ ಎಲ್ಲೆಲ್ಲಿ ತಿರುಗಿದೆ ಅನ್ನುವ ದಾಖಲೆ. 1999ರಲ್ಲಿ ಪೀಟರ್ ಮೆರ್ಹೋಲ್ಜ್ ಎಂಬವರು ಅದೇ ಪದವನ್ನು ತಮಾಷೆಗೆ 'ವಿ ಬ್ಲಾಗ್', ಅಂದರೆ 'ನಾವು ಬ್ಲಾಗಿಸುತ್ತೇವೆ' ಎಂದು ಒಡೆದು ಬರೆದರು. ಬ್ಲಾಗು ಎಂಬ ಪದ ಹುಟ್ಟಿದ್ದು ಹಾಗೆ.

ಈ ವಿಷಯ ನನಗೆ ತುಂಬ ಮುಖ್ಯ ಅನಿಸುತ್ತದೆ. ಬ್ಲಾಗು ಅಂದರೆ ದಿನಚರಿ, ಸ್ವಂತದ ಅನಿಸಿಕೆ ಅಂತ ನಾವು ಅಂದುಕೊಳ್ಳುತ್ತೇವೆ. ಆ ಪದ ಹುಟ್ಟಿದಾಗ ಅದರ ಅರ್ಥ ಬೇರೆಯವರ ಕಡೆಗೆ ಬೆರಳು ತೋರಿಸುವುದು ಅಂತಿತ್ತು. ಸ್ವಂತದ ಬರಹ ಬೆಳೆಯುತ್ತ ಹೋದ ಹಾಗೆ ಬೆರಳು ತೋರಿಸುವ ಕೆಲಸ ಪಕ್ಕಕ್ಕೆ ಸರಿಯಿತು. ಪಕ್ಕದ ಪಟ್ಟಿಯಾಗಿ ಉಳಿಯಿತು.

'ರೋಲ್' ಅಂದರೆ ಹೆಸರುಗಳ ಪಟ್ಟಿ. ಕೂಲಿ ಕೆಲಸದ ಮಸ್ಟರ್ ರೋಲ್ ನಮಗೆಲ್ಲ ಗೊತ್ತು. ಇಲ್ಲಿ ಇನ್ನೊಂದು ಶ್ಲೇಷೆಯೂ ಇದೆ. ಇಂಗ್ಲಿಷಿನಲ್ಲಿ 'ಲಾಗ್‌ರೋಲಿಂಗ್' ಎಂಬ ಮಾತಿದೆ. ಅಮೆರಿಕದಲ್ಲಿ ಕಾಡು ಕಡಿದು ಹೊಲ ಮಾಡುವಾಗ ಒಬ್ಬನಿಂದ ಅಷ್ಟು ದೊಡ್ಡ ದಿಮ್ಮಿ ಉರುಳಿಸಲು ಆಗುತ್ತಿರಲಿಲ್ಲ. ನೆರೆಹೊರೆಯವರು ಬಂದು ಕೈಹಚ್ಚುತ್ತಿದ್ದರು. ನಾಳೆ ಇವನು ಅವರ ಹೊಲಕ್ಕೆ ಹೋಗುತ್ತಿದ್ದ. ನಮ್ಮಲ್ಲಿ ಇದನ್ನೇ ಮುಯ್ಯಾಳು ಅನ್ನುವುದು. ರಾಜಕೀಯದಲ್ಲಿ ಆ ಮಾತಿಗೆ ಕೊಟ್ಟು ಕೊಳ್ಳುವ ವ್ಯವಹಾರ ಅನ್ನುವ ಅರ್ಥ ಬಂತು. ಬ್ಲಾಗ್‌ರೋಲ್‌ಗೆ ಮುಯ್ಯಾಳಿನ ಅರ್ಥವೇ ಚೆನ್ನಾಗಿ ಒಪ್ಪುತ್ತದೆ. ನಾನು ನನ್ನ ಓದುಗರನ್ನು ನಿನ್ನ ಕಡೆ ಕಳಿಸುತ್ತೇನೆ, ನೀನು ನಿನ್ನವರನ್ನು ಇನ್ಯಾರದೋ ಕಡೆ ಕಳಿಸುತ್ತೀಯ.

ಇದು ಹೇಗೆ ಕೆಲಸ ಮಾಡುತ್ತದೆ ಅನ್ನುವುದಕ್ಕೆ ನಮ್ಮ ನೌಬಾದಿನ ಸುರಂಗ ಬಾವಿಗಿಂತ ಚೆನ್ನಾದ ಹೋಲಿಕೆ ನನಗೆ ಹೊಳೆಯುವುದಿಲ್ಲ. ನೋಡದವರಿಗಾಗಿ ಎರಡು ಮಾತು. ಬಹಮನಿ ಸುಲ್ತಾನರ ಕಾಲದಲ್ಲಿ, 15ನೇ ಶತಮಾನದಲ್ಲಿ, ಪರ್ಷಿಯಾದ ಕಡೆಯಿಂದ ಬಂದ ವಿದ್ಯೆ ಇದು. ಕಾರೇಜ್ ಅಂತ ಹೆಸರು. ನೆಲದ ಅಡಿಯಲ್ಲಿ ನೀರಿನ ಸೆಲೆ ಇರುವ ಕಡೆ ತಾಯಿ ಬಾವಿ ತೋಡುತ್ತಾರೆ. ಅಲ್ಲಿಂದ ಸ್ವಲ್ಪವೇ ಇಳಿಜಾರಾಗಿ ನೆಲದೊಳಗೇ ಸುರಂಗ ಕೊರೆಯುತ್ತಾರೆ. ಅಲ್ಲಲ್ಲಿ ಗಾಳಿ ಬೆಳಕಿಗೆ, ಹೂಳೆತ್ತಲು ಬಾವಿಯಂಥ ಕಿಂಡಿಗಳು. ಮೇಲೆ ನಿಂತು ನೋಡಿದರೆ ಅವು ಬೇರೆ ಬೇರೆ ಬಾವಿಗಳ ಹಾಗೆ ಕಾಣುತ್ತವೆ. ಒಂದಕ್ಕೊಂದು ಸಂಬಂಧವೇ ಇಲ್ಲ ಅನ್ನುವ ಹಾಗೆ. ಕೆಳಗೆ ಇಳಿದರೆ ಮಾತ್ರ ಎಲ್ಲದರಲ್ಲೂ ಒಂದೇ ನೀರು ಹರಿಯುವುದು ಗೊತ್ತಾಗುತ್ತದೆ.

ಬ್ಲಾಗುಗಳೂ ಹಾಗೇ ಅಲ್ವಾ? ಒಬ್ಬರು ಅಡುಗೆ, ಒಬ್ಬರು ನಕ್ಷತ್ರ, ಒಬ್ಬರು ಹಳೆಯ ಪೆನ್ನು ರಿಪೇರಿ. ಮೇಲಿನಿಂದ ನೋಡಿದರೆ ಬಿಡಿ ಬಿಡಿ. ಪಟ್ಟಿ ಹಿಡಿದು ಇಳಿದರೆ ಒಂದರಿಂದ ಇನ್ನೊಂದಕ್ಕೆ ದಾರಿ. 1994ರಲ್ಲಿ ಜಸ್ಟಿನ್ ಹಾಲ್ ಎಂಬ ಕಾಲೇಜು ಹುಡುಗ ಶುರು ಮಾಡಿದ ಸ್ವಂತದ ಪುಟವನ್ನು ಬ್ಲಾಗುಗಳ ಪೂರ್ವಜ ಅನ್ನುತ್ತಾರೆ. ಅದಕ್ಕೆ ಆತ ಇಟ್ಟ ಹೆಸರು 'ಲಿಂಕ್ಸ್ ಫ್ರಮ್ ದಿ ಅಂಡರ್‌ಗ್ರೌಂಡ್'. ನೆಲದಡಿಯ ಕೊಂಡಿಗಳು! ಅದನ್ನು ಮೊದಲ ಸಲ ಓದಿದಾಗ ನನಗೆ ನೌಬಾದೇ ಕಣ್ಣಮುಂದೆ ಬಂತು.

ನನ್ನ ಅನುಭವ ಹೇಳುತ್ತೇನೆ. 2008ರಲ್ಲಿ ನಾನು ಬೀದರಿನ ಸೈಬರ್ ಕೆಫೆಯಲ್ಲಿ ಕೂತು ಓದುತ್ತಿದ್ದೆ. ಕನ್ನಡದಲ್ಲಿ ಬ್ಲಾಗುಗಳ ಸುಗ್ಗಿ ಆಗ. ಕಂಪ್ಯೂಟರಿನಲ್ಲಿ ವಿಂಡೋಸ್ ಎಕ್ಸ್‌ಪಿ. ಭಾರತೀಯ ಭಾಷೆಗಳ ಸೌಲಭ್ಯ ಬೇರೆಯಾಗಿ ಚಾಲೂ ಮಾಡದಿದ್ದರೆ ಕನ್ನಡದ ಬದಲು ಬರೀ ಚೌಕದ ಡಬ್ಬಿಗಳು ಕಾಣುತ್ತಿದ್ದವು. ಕೆಫೆಯ ಹುಡುಗನನ್ನು ಕಾಡಿಬೇಡಿ ಅದನ್ನು ಸರಿ ಮಾಡಿಸಿಕೊಂಡಿದ್ದೆ. ಒಂದು ದಿನ ಒಬ್ಬ ನರ್ಸ್ ಬರೆಯುವ ಬ್ಲಾಗು ಸಿಕ್ಕಿತು. ರಾತ್ರಿ ಪಾಳಿಯಲ್ಲಿ ವಾರ್ಡು ಹೇಗಿರುತ್ತದೆ, ನಿದ್ದೆ ಬಾರದ ರೋಗಿಗಳು ಏನು ಮಾತಾಡುತ್ತಾರೆ, ಬೆಳಗಿನ ಜಾವ ಚಹಾ ಯಾರು ಮಾಡುತ್ತಾರೆ, ಇಂಥವು. ಅಷ್ಟು ಸರಳವಾದ, ನಿಜವಾದ ಬರಹವನ್ನು ನಾನು ಯಾವ ಪತ್ರಿಕೆಯಲ್ಲೂ ಓದಿರಲಿಲ್ಲ. ಪಕ್ಕದಲ್ಲಿ 14 ಹೆಸರುಗಳ ಪಟ್ಟಿ ಇತ್ತು.

ಮೂರನೇ ಹೆಸರು ಒತ್ತಿದೆ. ತೊಗರಿ ಬೆಳೆಯುವ ರೈತರೊಬ್ಬರು ಕಾಯಿಕೊರಕ ಹುಳದ ಕಾಟವನ್ನು ದಿನ ದಿನವೂ ಬರೆದಿದ್ದರು. ಅವರ ಪಟ್ಟಿಯಿಂದ ಆಕಾಶ ನೋಡುವ ಮೇಷ್ಟ್ರೊಬ್ಬರ ಬ್ಲಾಗಿಗೆ ಹೋದೆ. ಅಲ್ಲಿಂದ ಹಳೆಯ ನಾಣ್ಯ ಕೂಡಿಡುವ ಒಬ್ಬರ ಕಡೆ. ಅವರ ಪುಟದಲ್ಲಿ ಬಹಮನಿಗಳ ತಾಮ್ರದ ನಾಣ್ಯದ ಚಿತ್ರ ಇತ್ತು. 'ಮುಹಮ್ಮದಾಬಾದ್ ಟಂಕಸಾಲೆ' ಅಂತ ಬರೆದು, ಅದು ಬೀದರಿನ ಅಂದಿನ ಹೆಸರು ಎಂದು ವಿವರಿಸಿದ್ದರು. ನಾನು ಕೋಟೆಯ ನೆರಳಿನಲ್ಲೇ ಬೆಳೆದವನು. ನನ್ನ ಊರಿಗೆ ಆ ಹೆಸರಿತ್ತು ಅನ್ನುವುದು ನನಗೆ ಗೊತ್ತಿರಲಿಲ್ಲ. ಎಲ್ಲಿಯ ನರ್ಸ್, ಎಲ್ಲಿಯ ನಾಣ್ಯ. ನಾಲ್ಕು ಹೆಜ್ಜೆಯಲ್ಲಿ ಸುತ್ತಿ ನನ್ನ ಊರಿಗೇ ಬಂದಿದ್ದೆ.

ಇದನ್ನು ಗೂಗಲ್ಲಿನಲ್ಲಿ ಹುಡುಕಿ ತೆಗೆಯಬಹುದಿತ್ತಲ್ಲ ಅಂತ ಕೇಳಬಹುದು. ಆದರೆ ಹುಡುಕಲು ಏನು ಬೇಕು ಅನ್ನುವುದು ಮೊದಲೇ ಗೊತ್ತಿರಬೇಕು. 'ನರ್ಸ್ ರಾತ್ರಿ ಪಾಳಿ' ಅಂತ ನಾನು ಜನ್ಮದಲ್ಲಿ ಟೈಪ್ ಮಾಡುತ್ತಿರಲಿಲ್ಲ. ಇಂಥದ್ದೊಂದು ಇದೆ ಅಂತಲೇ ಗೊತ್ತಿಲ್ಲದ್ದನ್ನು ತೋರಿಸಲು ಅದನ್ನು ಓದಿ ಮೆಚ್ಚಿದ ಒಬ್ಬ ಮನುಷ್ಯ ಬೇಕು.

ಹಾಗಾದರೆ ಈ ಪಟ್ಟಿಗಳು ಯಾಕೆ ಮಾಯವಾದವು? ಒಂದು ಕಾರಣ ಗೂಗಲ್ಲಿನ ಬೇರಿನಲ್ಲೇ ಇದೆ. 1998ರಿಂದ ಗೂಗಲ್ ಒಂದು ಪುಟಕ್ಕೆ ಎಷ್ಟು ಕಡೆಯಿಂದ, ಎಂಥ ಕಡೆಯಿಂದ ಕೊಂಡಿ ಬರುತ್ತದೆ ಎಂದು ನೋಡಿ ಅದರ ತೂಕ ಅಳೆಯುತ್ತಿತ್ತು. ಅಂದರೆ ಪ್ರತಿ ಕೊಂಡಿಯೂ ಒಂದು ಓಟಿನ ಹಾಗೆ. ಓಟು ಅಂದಮೇಲೆ ಮಾರುವವರು ಕೊಳ್ಳುವವರು ಬಂದೇ ಬರುತ್ತಾರೆ. ಓದದವರ ಹೆಸರನ್ನು ದುಡ್ಡಿಗೆ ಹಾಕುವುದು ಶುರುವಾಯಿತು. ಎಲ್ಲರ ಪುಟಕ್ಕೂ ಸುಳ್ಳು ಕೊಂಡಿಗಳು ಬಂದು ಬೀಳತೊಡಗಿದವು. 2005ರಲ್ಲಿ ಗೂಗಲ್ ಮತ್ತಿತರ ಕಂಪನಿಗಳು 'ಈ ಕೊಂಡಿಯನ್ನು ಓಟಾಗಿ ಎಣಿಸಬೇಡ' ಎಂದು ಹೇಳುವ ಗುರುತೊಂದನ್ನು ತಂದವು. ಆಮೇಲೆ ಫೇಸ್‌ಬುಕ್ಕು ಬಂತು, ಬರೆಯುವವರೂ ಓದುವವರೂ ಅಲ್ಲಿಗೆ ಹೋದರು. 2012ರ ಕೊನೆಗೆ, ಬ್ಲಾಗು ಕಟ್ಟಲು ಬಳಸುವ ತಂತ್ರಾಂಶವಾದ ವರ್ಡ್‌ಪ್ರೆಸ್ ತನ್ನ 3.5ನೇ ಆವೃತ್ತಿಯಲ್ಲಿ ಹೊಸ ಬ್ಲಾಗುಗಳಿಗೆ ಈ ಪಟ್ಟಿಯ ಸೌಲಭ್ಯವನ್ನು ಮರೆಮಾಡಿತು. 2013ರ ಜುಲೈ 1ಕ್ಕೆ ಗೂಗಲ್ ರೀಡರ್ ಮುಚ್ಚಿತು. ನಾವು ಓದುವ ಬ್ಲಾಗುಗಳೆಲ್ಲ ಒಂದೇ ಕಡೆ ಸಿಗುತ್ತಿದ್ದ ಜಾಗ ಅದು. ಅದು ಮುಚ್ಚಿದ ದಿನದ ಬೇಸರ ನನಗೆ ಇನ್ನೂ ನೆನಪಿದೆ.

ಮೊಬೈಲಿನದೂ ಒಂದು ಪಾಲಿದೆ. ಸಣ್ಣ ಪರದೆಯಲ್ಲಿ 'ಪಕ್ಕ' ಅನ್ನುವುದೇ ಇಲ್ಲ. ಪಕ್ಕದ ಪಟ್ಟಿ ಒಂದೋ ತೀರಾ ಕೆಳಗೆ ಹೋಗುತ್ತದೆ, ಇಲ್ಲವೇ ಕಾಣುವುದೇ ಇಲ್ಲ. ಗೂಗಲ್ಲಿನ ಬ್ಲಾಗು ಸೇವೆಯಾದ ಬ್ಲಾಗ್‌ಸ್ಪಾಟಿನ ಹಳೆಯ ಬ್ಲಾಗುಗಳನ್ನು ಫೋನಿನಲ್ಲಿ ತೆರೆದರೆ ಬರೀ ಬರಹ ಕಾಣುವುದು ಇದಕ್ಕೇ. ಬ್ರೌಸರಿನ ಮೂರು ಚುಕ್ಕೆ ಒತ್ತಿ 'ಡೆಸ್ಕ್‌ಟಾಪ್ ಸೈಟ್' ಆರಿಸಿ ನೋಡಿ. ಪಟ್ಟಿ ಇದ್ದರೆ ಎದುರಿಗೆ ಬರುತ್ತದೆ. ಕೆಲವು ಪಟ್ಟಿಗಳಲ್ಲಿ ಇತ್ತೀಚೆಗೆ ಬರೆದವರ ಹೆಸರು ತಾನಾಗಿಯೇ ಮೇಲೆ ಬರುವ ಏರ್ಪಾಡೂ ಇರುತ್ತದೆ. ಯಾರು ಇನ್ನೂ ಬರೆಯುತ್ತಿದ್ದಾರೆ ಅನ್ನುವುದು ಅದರಿಂದ ಥಟ್ಟನೆ ಗೊತ್ತಾಗುತ್ತದೆ.

ಸಿಕ್ಕ ಬ್ಲಾಗು ಕಳೆದುಹೋಗಬಾರದು ಅಂದರೆ ಅದರ ಫೀಡ್ ಹಿಡಿದಿಡಬೇಕು. ಫೀಡ್ ಅಂದರೆ ಹೊಸ ಬರಹ ಬಂದಾಗ ತಿಳಿಸುವ ಒಂದು ಸಣ್ಣ ಕಡತ. ಆರ್‌ಎಸ್‌ಎಸ್ ಅನ್ನುವುದು ಅದರ ಒಂದು ಬಗೆ, 1999ರಿಂದ ಇದೆ. ಫೀಡ್ಲಿ, ಇನೊರೀಡರ್‌ನಂಥ ಆ್ಯಪಿನಲ್ಲಿ ಬ್ಲಾಗಿನ ವಿಳಾಸ ಹಾಕಿದರೆ ಸಾಮಾನ್ಯವಾಗಿ ಅದೇ ಹುಡುಕಿಕೊಳ್ಳುತ್ತದೆ. ಯಾವುದನ್ನು ಮೇಲೆ ತೋರಿಸಬೇಕು ಅಂತ ಕಂಪನಿಯ ಲೆಕ್ಕಾಚಾರ ನಡುವೆ ಬರಬೇಕಿಲ್ಲ. ಬರೆದವರದ್ದು ಬರೆದ ಹೊತ್ತಿಗೆ ಬರುತ್ತದೆ. ಆರು ತಿಂಗಳಿಗೊಮ್ಮೆ ಬರೆಯುವವರೂ ತಪ್ಪಿಹೋಗುವುದಿಲ್ಲ. ನನ್ನ ಪಟ್ಟಿಯಲ್ಲಿ ಅಂಥವರೇ ಜಾಸ್ತಿ, ಮತ್ತು ಅವರೇ ಚೆನ್ನಾಗಿ ಬರೆಯುತ್ತಾರೆ.

ಸತ್ತ ಕೊಂಡಿಗಳಿಗೂ ಒಂದು ದಾರಿ ಇದೆ. ಇಂಟರ್ನೆಟ್ ಆರ್ಕೈವ್ ಎಂಬ ಸಂಸ್ಥೆ 1996ರಿಂದ ಜಾಲದ ಪುಟಗಳ ಪ್ರತಿ ತೆಗೆದಿಡುತ್ತಿದೆ. ಅದರ ವೇಬ್ಯಾಕ್ ಮಷೀನಿನಲ್ಲಿ ಹಳೆಯ ವಿಳಾಸ ಹಾಕಿದರೆ ಅಂದಿನ ಪುಟ, ಅಂದಿನ ಬ್ಲಾಗ್‌ರೋಲ್ ಸಮೇತ, ಎಷ್ಟೋ ಸಲ ಸಿಗುತ್ತದೆ. ನೌಬಾದಿನ ಸುರಂಗದಲ್ಲೂ ಎಷ್ಟೋ ಕಾಲ ಹೂಳು ತುಂಬಿತ್ತು. ತೆಗೆದಾಗ ದಾರಿ ಕಂಡಿತು.

ಅಣ್ಣನ ಮಗಳು ಅವತ್ತು ನೋಡಿದ್ದು ಅದೇ ನರ್ಸ್ ಅವರ ಬ್ಲಾಗು. ಅವರು 2012ರಲ್ಲಿ ಬರೆಯುವುದು ನಿಲ್ಲಿಸಿದ್ದಾರೆ. ಪಟ್ಟಿ ಮಾತ್ರ ಹಾಗೇ ಇದೆ. ಅವಳು ಕೂತು 14 ಹೆಸರುಗಳನ್ನೂ ಒಂದೊಂದಾಗಿ ಒತ್ತಿದಳು. ಒಂಬತ್ತು ತೆರೆಯಲಿಲ್ಲ. ನಾಲ್ಕು ತೆರೆದವು, ಆದರೆ ಎಷ್ಟೋ ವರ್ಷದಿಂದ ಹೊಸದೇನೂ ಇಲ್ಲ. ಹದಿಮೂರನೇ ಹೆಸರು ಒತ್ತಿದಾಗ ಹಿಂದಿನ ಭಾನುವಾರ ಬರೆದ ಬರಹವೊಂದು ತೆರೆಯಿತು. ಹಿತ್ತಲಿನ ಬೇವಿನ ಮರಕ್ಕೆ ಬರುವ ಹಕ್ಕಿಗಳ ಮೇಲಿತ್ತು.

"ಕಾಕಾ, ಇವ್ರು ಇನ್ನೂ ಬರಿಲಿಕತ್ತಾರ್ರಿ" ಅಂದಳು. ಅದರ ಪಕ್ಕದಲ್ಲೂ ಹೆಸರುಗಳ ಒಂದು ಸಾಲಿತ್ತು. ಊಟಕ್ಕೆ ಕರೆದರೂ ಅವಳು ಏಳಲಿಲ್ಲ.