ಬಿಚ್ಚಿ ಕಟ್ಟುವ ಮೌಂಟನ್ ಸೈಕಲ್: ಫ್ರೇಮ್ ಕತ್ತರಿಸುವ ಮೊದಲು ಪೆಟ್ಟಿಗೆ ಅಳೆಯಿರಿ

ಪ್ರಶ್ನೆ: ನನ್ನ ಹತ್ತಿರ 29 ಇಂಚಿನ ಚಕ್ರದ ಸ್ಟೀಲ್ ಹಾರ್ಡ್‌ಟೇಲ್ ಮೌಂಟನ್ ಸೈಕಲ್ ಇದೆ. ಫ್ರೇಮನ್ನು ಎರಡು ತುಂಡು ಮಾಡಿಸಿ ಕಪ್ಲರ್ (ಬಿಚ್ಚಿ ಜೋಡಿಸಬಹುದಾದ ಕೀಲು) ಹಾಕಿಸಿದರೆ, ವಿಮಾನದಲ್ಲಿ ಸಾಮಾನ್ಯ ಸೂಟ್‌ಕೇಸಿನ ಹಾಗೆ ಚೆಕ್‌ಇನ್ ಮಾಡಿ ಒಯ್ಯಬಹುದೇ?

ಉತ್ತರ: ಒಯ್ಯಬಹುದು. ಆದರೆ ಈ ಕೆಲಸದಲ್ಲಿ ಫ್ರೇಮ್ ಕತ್ತರಿಸುವುದೇ ಸುಲಭದ ಭಾಗ. ನಿಜವಾಗಿ ಸತಾಯಿಸುವುದು ಎರಡು ಸಂಗತಿ: ಪೆಟ್ಟಿಗೆಯ ದಪ್ಪ ಮತ್ತು ಹಿಂದಿನ ಬ್ರೇಕಿನ ಆಯಿಲ್ ಹೋಸ್. ಇವೆರಡನ್ನು ಬಗೆಹರಿಸಿಕೊಳ್ಳದೆ ಕಪ್ಲರ್ ಹಾಕಿಸಿದರೆ ಎರಡು ತುಂಡಿನ ಸೈಕಲ್ ಸಿಗುತ್ತದೆ, ಆದರೆ ಅದು ಪೆಟ್ಟಿಗೆಗೆ ಹೋಗುವುದಿಲ್ಲ.

ಹೆಚ್ಚಿನ ಅಂತರರಾಷ್ಟ್ರೀಯ ವಿಮಾನಗಳಲ್ಲಿ ಒಂದು ಚೆಕ್‌ಇನ್ ಲಗೇಜಿನ ಉದ್ದ, ಅಗಲ, ದಪ್ಪ ಮೂರೂ ಕೂಡಿ 158 ಸೆಂ.ಮೀ. ಮೀರಬಾರದು, ತೂಕ 23 ಕೆಜಿ ದಾಟಬಾರದು. ಇಂಚಿನಲ್ಲಿ ಈ ಮಿತಿ 62. ಬಿಚ್ಚುವ ಸೈಕಲ್ಲಿಗೆಂದೇ ಮಾಡಿದ ಪೆಟ್ಟಿಗೆಗಳು ಅದಕ್ಕೇ 26×26×10 ಇಂಚು ಇರುತ್ತವೆ, ಅಂದರೆ ಸುಮಾರು 66×66×25 ಸೆಂ.ಮೀ. ಇದು ಹೊರಗಿನ ಅಳತೆ; ಗಾಲಿ, ಹಿಡಿ ಎಲ್ಲ ಸೇರಿ. ಒಳಗೆ ನಿಮಗೆ ಸಿಗುವುದು ಹೆಚ್ಚೆಂದರೆ 65 ಸೆಂ.ಮೀ. ಚೌಕ.

ಮೊದಲು ಚಕ್ರ ನೋಡೋಣ. 29×2.3 ಟೈರ್ ಸಮೇತ ಚಕ್ರದ ವ್ಯಾಸ ಸುಮಾರು 74 ಸೆಂ.ಮೀ., ಆದ್ದರಿಂದ ಗಾಳಿ ಬಿಟ್ಟರೆ ಸಾಲದು, ಟೈರನ್ನೇ ಬಿಚ್ಚಬೇಕು. ಬರಿಯ ರಿಮ್ಮಿನ ಹೊರವ್ಯಾಸ ಸುಮಾರು 634 ಮಿ.ಮೀ., ಚೌಕದೊಳಗೆ ಕೂರುತ್ತದೆ. ತೊಡಕು ಬರುವುದು ಹಬ್‌ಗಳಲ್ಲಿ, ಅಂದರೆ ಚಕ್ರದ ನಡುವಿನ ಗುಂಬಗಳಲ್ಲಿ. ಬೂಸ್ಟ್ ಎಂಬ ಅಗಲವಾದ ಅಳತೆಯ ಮುಂದಿನ ಹಬ್ 110 ಮಿ.ಮೀ., ಹಿಂದಿನದು 148. ಎರಡು ಚಕ್ರವನ್ನು ಒಂದರ ಮೇಲೊಂದು ಇಟ್ಟರೆ ಹಬ್‌ಗೆ ಹಬ್ ಎದುರಾಗಿ ಒಟ್ಟು 258 ಮಿ.ಮೀ. ಆಗುತ್ತದೆ. ಪೆಟ್ಟಿಗೆಯ ಹೊರ ದಪ್ಪವೇ 254! ಒಂದನ್ನು ಈ ಮೂಲೆಗೆ, ಇನ್ನೊಂದನ್ನು ಎದುರು ಮೂಲೆಗೆ ಸರಿಸಿದರೂ 29ರ ರಿಮ್ಮಿಗೆ ಎರಡು ಕೇಂದ್ರಗಳ ನಡುವೆ ಸಿಗುವುದು ಬರೀ 22 ಮಿ.ಮೀ. ಅಷ್ಟರಲ್ಲಿ ಒಂದು ಹಬ್ಬಿನ ತುದಿ ಇನ್ನೊಂದರ ಪಕ್ಕಕ್ಕೆ ಇಳಿಯುವುದಿಲ್ಲ.

27.5 ಇಂಚಿನ ರಿಮ್ಮಿನ ಹೊರವ್ಯಾಸ ಸುಮಾರು 596 ಮಿ.ಮೀ. ಇಲ್ಲಿ ಉದ್ದಕ್ಕೂ ಅಡ್ಡಕ್ಕೂ 54 ಮಿ.ಮೀ. ಸಡಿಲ ಸಿಗುತ್ತದೆ, ಮೂಲೆಯಿಂದ ಮೂಲೆಗೆ ಲೆಕ್ಕ ಹಾಕಿದರೆ ಕೇಂದ್ರಗಳು 76 ಮಿ.ಮೀ. ದೂರವಾಗುತ್ತವೆ. ಹಬ್ಬಿನ ಫ್ಲ್ಯಾಂಜ್ (ಕಡ್ಡಿ ಸಿಕ್ಕಿಸುವ ಅಂಚು) ತ್ರಿಜ್ಯ ಸುಮಾರು 30 ಮಿ.ಮೀ., ಆಕ್ಸಲ್ ತುದಿಯದು 10ರ ಆಸುಪಾಸು. ಹಾಗಾಗಿ ಒಂದರ ತುದಿ ಇನ್ನೊಂದರ ಕಡ್ಡಿಗಳ ನಡುವೆ ಸಲೀಸಾಗಿ ಇಳಿಯುತ್ತದೆ. ಹಳೆಯ 26 ಇಂಚಿನ ಚಕ್ರ, 100 ಮತ್ತು 135 ಮಿ.ಮೀ. ಹಬ್ ಇದ್ದ ಕಾಲದಲ್ಲಿ ಈ ತಲೆನೋವೇ ಇರಲಿಲ್ಲ. ಎದುರೆದುರು ಇಟ್ಟರೂ 235.

ನಿಮ್ಮ ಸೈಕಲ್ 29 ಆದ್ದರಿಂದ ಎರಡು ದಾರಿ ಇವೆ. ಒಂದು, ಚಕ್ರಗಳನ್ನೇ ಬದಲಿಸಿ 27.5×2.8 ಹಾಕುವುದು. ದಪ್ಪ ಟೈರಿನಿಂದಾಗಿ ಅದರ ಒಟ್ಟು ವ್ಯಾಸ 29×2.3ಕ್ಕಿಂತ ಒಂದೂವರೆ ಸೆಂ.ಮೀ.ನಷ್ಟೇ ಕಡಿಮೆ, ಪೆಡಲ್ ನೆಲಕ್ಕೆ ಸುಮಾರು 7 ಮಿ.ಮೀ. ಹತ್ತಿರವಾಗುತ್ತದೆ ಅಷ್ಟೆ. ಚೈನ್‌ಸ್ಟೇಗಳ (ಹಿಂದಿನ ಚಕ್ರದ ಎರಡೂ ಪಕ್ಕದ ಕೆಳಗಿನ ಕೊಳವೆಗಳ) ನಡುವೆ 2.8 ಟೈರ್ ಉಜ್ಜದೆ ತಿರುಗುತ್ತದೆಯೇ ಎಂದು ಮೊದಲೇ ಅಳೆಯಿರಿ. 27.5ಕ್ಕೆ ಸಣಕಲು 2.2 ಟೈರ್ ಹಾಕಿದರೆ ಮಾತ್ರ ಬಾಟಮ್ ಬ್ರಾಕೆಟ್ (ಪೆಡಲಿನ ಅಚ್ಚು ಕೂರುವ ಜಾಗ) ತೀರಾ ತಗ್ಗಿ ಕಲ್ಲಿಗೆಲ್ಲ ಪೆಡಲ್ ಬಡಿಯುತ್ತದೆ. ಇನ್ನೊಂದು ದಾರಿ, 29ನ್ನೇ ಇಟ್ಟುಕೊಂಡು ಕೈಯಲ್ಲೇ ಬಿಚ್ಚಲು ಬರುವ ಹಬ್ ಹಾಕಿಸುವುದು. ಡಿಟಿ ಸ್ವಿಸ್‌ನ ರ‍್ಯಾಚೆಟ್ ಹಬ್‌ಗಳಲ್ಲಿ ಎಂಡ್ ಕ್ಯಾಪ್, ಫ್ರೀಹಬ್ (ಗೇರ್ ಹಲ್ಲುಚಕ್ರಗಳ ಗುಚ್ಛವಾದ ಕ್ಯಾಸೆಟ್ ಕೂರುವ ಭಾಗ) ಎರಡೂ ಎಳೆದರೆ ಬರುತ್ತವೆ. ಕ್ಯಾಸೆಟ್ ಹಿಡಿದು ನೇರವಾಗಿ ಎಳೆದರೆ ಫ್ರೀಹಬ್ ಜೊತೆಗೇ ಕಳಚುತ್ತದೆ, ಲಾಕ್‌ರಿಂಗ್ ಬಿಚ್ಚುವ ಗೋಜಿಲ್ಲ. ಹಬ್ ಅಷ್ಟು ಗಿಡ್ಡವಾದ ಮೇಲೆ 25 ಸೆಂ.ಮೀ.ನಲ್ಲಿ ಎರಡೂ ಚಕ್ರ ಹಿಡಿಸುತ್ತವೆ. ಒಳಗಿನ ರ‍್ಯಾಚೆಟ್ ಮತ್ತು ಸ್ಪ್ರಿಂಗ್ ಜಾರಿ ಬೀಳದ ಹಾಗೆ ಕಳಚಿದ ಕೂಡಲೇ ಜಿಪ್ ಚೀಲಕ್ಕೆ ಹಾಕಿ. ನಮ್ಮ ಮತ ಮೊದಲನೆಯದಕ್ಕೆ: ಹೋಟೆಲ್ ಕೋಣೆಯಲ್ಲಿ ಗ್ರೀಸ್ ಹಚ್ಚಿದ ಪುಟ್ಟ ಸ್ಪ್ರಿಂಗ್ ಹುಡುಕುವ ಕೆಲಸ ಯಾರಿಗೂ ಬೇಡ.

ಈಗ ಫ್ರೇಮ್. ಎಲ್ಲಿ ಕತ್ತರಿಸಬೇಕೆಂದು ಕಣ್ಣಂದಾಜಿನಲ್ಲಿ ನಿರ್ಧರಿಸಬೇಡಿ. ಫ್ರೇಮನ್ನು ದೊಡ್ಡ ರಟ್ಟಿನ ಮೇಲೆ ಮಲಗಿಸಿ ಪೂರ್ತಿ ಅಳತೆಯ ನಕ್ಷೆ ಬರೆದು ಆ ರಟ್ಟನ್ನು ಕತ್ತರಿಸಿ. ನೆಲದ ಮೇಲೆ ಚಾಕ್‌ಪೀಸಿನಿಂದ 64 ಸೆಂ.ಮೀ. ಚೌಕ ಎಳೆದು, ರಟ್ಟಿನ ಎರಡು ತುಂಡನ್ನು ಅದರೊಳಗೆ ಹೇಗೆಲ್ಲ ಇಡಬಹುದೆಂದು ತಿರುಗಿಸಿ ನೋಡಿ. ಈಗಿನ ಹಾರ್ಡ್‌ಟೇಲ್‌ಗಳ ಮುಂಭಾಗ ಉದ್ದ; ಡೌನ್ ಟ್ಯೂಬ್ (ಕೆಳಗಿನ ಓರೆ ಕೊಳವೆ) ಒಂದೇ 65ರಿಂದ 70 ಸೆಂ.ಮೀ. ಇರುತ್ತದೆ. ಅದನ್ನು ಬಾಟಮ್ ಬ್ರಾಕೆಟಿನ ಬುಡದಲ್ಲೇ ಕತ್ತರಿಸಿದರೆ ಮುಂದಿನ ತುಂಡು ಓರೆಯಾಗಿ ಮಾತ್ರ ಕೂರುತ್ತದೆ, ಆಗ ಹಬ್ ಅಡ್ಡ ಬರುತ್ತದೆ. 10 ಸೆಂ.ಮೀ. ಮೇಲಕ್ಕೆ ಸರಿಸಿದರೆ ಹಲವು ಫ್ರೇಮ್‌ಗಳಲ್ಲಿ ದಾರಿ ಸಿಗುತ್ತದೆ. ಜೋಡಣೆ ಬರುವ ಜಾಗದಲ್ಲಿ ಕೊಳವೆ ದುಂಡಗೆ, ನೇರವಾಗಿ ಇರಬೇಕು. ಚಪ್ಪಟೆ ಮಾಡಿದ, ಬಾಗಿಸಿದ, ಹೆಡ್ ಟ್ಯೂಬಿನ ಹತ್ತಿರ ಗಸೆಟ್ (ಬಲಪಡಿಸುವ ತಗಡು) ಹಚ್ಚಿದ ಭಾಗಗಳಿಗೆ ಕಪ್ಲರ್ ಕೂರುವುದಿಲ್ಲ. ಬಾಟಲ್ ಹೋಲ್ಡರಿನ ಬೋಲ್ಟುಗಳೂ ದಾರಿಗೆ ಬರುತ್ತವೆ, ಗುರುತು ಮಾಡಿಕೊಳ್ಳಿ.

ಈ ಕೆಲಸಕ್ಕೆ ಹೆಸರಾದ ಜೋಡಣೆ ಅಮೆರಿಕದ ಎಸ್ ಅಂಡ್ ಎಸ್ ಕಂಪನಿಯ ಕಪ್ಲರ್. ಎರಡು ಅರ್ಧಗಳಲ್ಲಿ ಒಂದಕ್ಕೊಂದು ಕಚ್ಚಿಕೊಳ್ಳುವ ಹಲ್ಲುಗಳಿರುತ್ತವೆ, ಅವು ತಿರುಚುವ ಬಲವನ್ನು ತಡೆಯುತ್ತವೆ. ಹೊರಗಿನ ನಟ್ಟು ಎರಡನ್ನೂ ಎಳೆದು ಹಿಡಿಯುತ್ತದೆ. ಟಾಪ್ ಟ್ಯೂಬಿಗೆ ಒಂದು, ಡೌನ್ ಟ್ಯೂಬಿಗೆ ಒಂದು ಬೇಕು. ಸಾಮಾನ್ಯವಾಗಿ ಸ್ಟೀಲ್ ಮತ್ತು ಟೈಟೇನಿಯಂ ಫ್ರೇಮಿಗೆ ಇದನ್ನು ಹಾಕುತ್ತಾರೆ, ಅಲ್ಯೂಮಿನಿಯಂ ಅಥವಾ ಕಾರ್ಬನ್ ಸೈಕಲ್ ಇದ್ದವರು ಈ ಯೋಚನೆ ಬಿಡುವುದೇ ಒಳ್ಳೆಯದು. ಸ್ಟೀಲಿಗೆ ಸಾಮಾನ್ಯವಾಗಿ ಬೆಳ್ಳಿ ಬೆರೆತ ಕಡ್ಡಿಯಿಂದ ಬ್ರೇಜಿಂಗ್ (ಕೊಳವೆ ಕರಗದಂತೆ ಬೆಸುಗೆ) ಮಾಡುತ್ತಾರೆ. ಗೇಟು, ಗ್ರಿಲ್ ಮಾಡುವ ವರ್ಕ್‌ಶಾಪಿನಲ್ಲಿ ಆಗುವ ಕೆಲಸ ಇದಲ್ಲ: ಎರಡು ಕಪ್ಲರ್‌ಗಳ ಅಕ್ಷ ಕೂದಲೆಳೆಯಷ್ಟು ತಪ್ಪಿದರೂ ಒಂದು ಬಿಗಿಯುವಾಗ ಇನ್ನೊಂದು ಸೆಟೆದುಕೊಳ್ಳುತ್ತದೆ. ಫ್ರೇಮ್ ಕಟ್ಟುವವರು ಜಿಗ್‌ನಲ್ಲಿ (ಫ್ರೇಮ್ ಅಲ್ಲಾಡದಂತೆ ಬಿಗಿಯುವ ಚೌಕಟ್ಟಿನಲ್ಲಿ) ಹಿಡಿದೇ ಮಾಡಬೇಕು. ಬಿಸಿಗೆ ಬಣ್ಣ ಸುಡುವುದರಿಂದ ಆಮೇಲೆ ಬಣ್ಣ ಹೊಡೆಸುವ ಖರ್ಚನ್ನೂ ಸೇರಿಸಿಕೊಳ್ಳಿ. ರಿಚಿ ಕಂಪನಿಯ ಬ್ರೇಕ್‌ಅವೇ ಎಂಬ ಇನ್ನೊಂದು ಪದ್ಧತಿ ಹಗುರ, ಸರಳ; ಅದರಲ್ಲಿ ಸೀಟ್‌ಪೋಸ್ಟೇ ಮೇಲಿನ ಕೀಲು. ಅದು ಫ್ರೇಮಿನ ವಿನ್ಯಾಸದಲ್ಲೇ ಇರಬೇಕಾದದ್ದು, ಇರುವ ಫ್ರೇಮಿಗೆ ಆಮೇಲೆ ಹಾಕಿಸುವಂಥದ್ದಲ್ಲ.

ಹಿಂದಿನ ಬ್ರೇಕಿನ ಹೋಸ್ ಹ್ಯಾಂಡಲಿನಿಂದ ಹಿಂದಿನ ಚಕ್ರದವರೆಗೆ ಒಂದೇ ಎಳೆಯಾಗಿ ಹೋಗುತ್ತದೆ, ಫ್ರೇಮ್ ಮಾತ್ರ ನಡುವೆ ತುಂಡಾಗುತ್ತದೆ. ಪ್ರತಿ ಸಲ ಹೋಸ್ ಬಿಚ್ಚಿ ಆಯಿಲ್ ತುಂಬಿಸಿ ಗಾಳಿ ತೆಗೆಯುವುದು ಪ್ರವಾಸದಲ್ಲಿ ಆಗದ ಮಾತು. ಆದ್ದರಿಂದ ಹೋಸ್ ಪೂರ್ತಿ ಫ್ರೇಮಿನ ಹೊರಗೆ, ತೆರೆದ ಗೈಡುಗಳಲ್ಲಿ ಹೋಗಬೇಕು. ಕ್ಯಾಲಿಪರಿನ (ಚಕ್ರದ ಬಳಿ ಬ್ರೇಕ್ ಪ್ಯಾಡ್ ಹಿಡಿಯುವ ಭಾಗದ) ಎರಡು ಬೋಲ್ಟು ತೆಗೆದು, ಗೈಡಿನಿಂದ ಹೋಸ್ ಬಿಡಿಸಿ, ಹ್ಯಾಂಡಲಿನ ಜೊತೆಗೇ ದೊಡ್ಡ ಸುರುಳಿಯಾಗಿ ಸುತ್ತಿಡಿ. ಸುರುಳಿ ಚಿಕ್ಕದಾದರೆ ಹೋಸ್ ಮಡಿಚಿಕೊಳ್ಳುತ್ತದೆ. ನಿಮ್ಮ ಫ್ರೇಮಿನಲ್ಲಿ ಹೋಸ್ ಒಳಗಿಂದ ಹೋಗುತ್ತಿದ್ದರೆ, ಬ್ರೇಜಿಂಗ್ ಮಾಡಿಸುವಾಗಲೇ ಹೊರ ಗೈಡುಗಳನ್ನೂ ಹಾಕಿಸಿ. ರೋಟರ್ (ಬ್ರೇಕ್ ಡಿಸ್ಕ್) ಇಲ್ಲದ ಕ್ಯಾಲಿಪರಿನಲ್ಲಿ ಪ್ಯಾಡ್‌ಗಳ ನಡುವೆ ಪ್ಲಾಸ್ಟಿಕ್ ತುಂಡು ಇಡಲೇಬೇಕು. ಪೆಟ್ಟಿಗೆಯೊಳಗೆ ಲಿವರ್ ಒಮ್ಮೆ ಒತ್ತಿದರೂ ಪಿಸ್ಟನ್ ಮುಂದೆ ಬಂದು ಪ್ಯಾಡ್‌ಗಳು ಅಂಟಿಕೊಳ್ಳುತ್ತವೆ, ಆಮೇಲೆ ರೋಟರ್ ಒಳಗೆ ಹೋಗುವುದಿಲ್ಲ.

ಗೇರ್ ಕೇಬಲ್ಲಿಗೆ ನಡುವೆ ಸ್ಕ್ರೂ ಜೋಡಣೆಯ ಸ್ಪ್ಲಿಟರ್ ಸಿಗುತ್ತದೆ. ಅದು ತೆರೆದ ಕೇಬಲ್ ಇರುವ ಜಾಗದಲ್ಲಿ ಮಾತ್ರ ಕೆಲಸ ಮಾಡುತ್ತದೆ. ವೈರ್‌ಲೆಸ್ ಡಿರೇಲರ್ (ಗೇರ್ ಬದಲಿಸುವ ಸಾಧನ) ಇದ್ದರೆ ಆ ಚಿಂತೆಯೂ ಇಲ್ಲ, ಆದರೆ ಅದರ ಬ್ಯಾಟರಿ ತೆಗೆದು ಕೈಚೀಲದಲ್ಲಿ ಇಟ್ಟುಕೊಳ್ಳಿ. ಬಿಡಿ ಲಿಥಿಯಂ ಬ್ಯಾಟರಿಯನ್ನು ಚೆಕ್‌ಇನ್ ಲಗೇಜಿನಲ್ಲಿ ಹಾಕುವಂತಿಲ್ಲ. ಕೇಬಲ್ ಡ್ರಾಪರ್ ಪೋಸ್ಟ್ (ಓಡಿಸುವಾಗಲೇ ಎತ್ತರ ಏರಿಳಿಸುವ ಸೀಟ್‌ಪೋಸ್ಟ್) ಪ್ರವಾಸದ ಸೈಕಲ್ಲಿಗೆ ಒಂದು ಉಪದ್ರವವೇ. ಸಾದಾ ಸೀಟ್‌ಪೋಸ್ಟ್ ಹಾಕಿ.

ಸಸ್ಪೆನ್ಶನ್ ಫೋರ್ಕನ್ನು ಫ್ರೇಮಿನಿಂದ ತೆಗೆಯಲೇಬೇಕು. 120 ಮಿ.ಮೀ. ಚಲನೆಯ ಫೋರ್ಕ್ ಸ್ಟೀರರ್ ಕೊಳವೆ ಸೇರಿ 70 ಸೆಂ.ಮೀ. ದಾಟುತ್ತದೆ, ಹಾಗಾಗಿ ಓರೆಯಾಗಿ ಮಾತ್ರ ಕೂರುತ್ತದೆ. ಏರ್ ಫೋರ್ಕ್ ಆದರೆ ಗಾಳಿ ಬಿಟ್ಟು, ಒತ್ತಿ, ಪಟ್ಟಿ ಕಟ್ಟಿದರೆ ಸುಮಾರು 10 ಸೆಂ.ಮೀ. ಗಿಡ್ಡವಾಗುತ್ತದೆ; ಬಿಡುವ ಮೊದಲು ಒತ್ತಡದ ಅಂಕಿ ಬರೆದಿಟ್ಟುಕೊಳ್ಳಿ, ಶಾಕ್ ಪಂಪ್ ಒಯ್ಯಿರಿ. ಹೆಡ್‌ಸೆಟ್ಟಿನ (ಹ್ಯಾಂಡಲ್ ತಿರುಗುವ ಕೀಲಿನ) ಬೇರಿಂಗ್, ಕಂಪ್ರೆಷನ್ ರಿಂಗ್, ಸ್ಪೇಸರ್‌ಗಳನ್ನು ಬಿಚ್ಚಿದ ಕ್ರಮದಲ್ಲೇ ಒಂದು ದಾರಕ್ಕೆ ಪೋಣಿಸಿ ಗಂಟು ಹಾಕಿ. 780 ಮಿ.ಮೀ. ಹ್ಯಾಂಡಲ್ ಓರೆಯಾಗಿ ಇಟ್ಟರೂ ಇಕ್ಕಟ್ಟೇ, 720 ಸಾಕು.

ತುಂಬುವಾಗ ನೆನಪಿಡಬೇಕಾದದ್ದು: ಅಗಲವಾದ ಭಾಗಗಳು ಅಂಚಿಗೆ, ತೆಳ್ಳಗಿನ ಕೊಳವೆಗಳು ನಡುವೆ. ಹಿಂದಿನ ಡ್ರಾಪ್‌ಔಟ್‌ಗಳ (ಫ್ರೇಮಿನಲ್ಲಿ ಚಕ್ರ ಕೂರುವ ತುದಿಗಳ) ಅಗಲ 148 ಮಿ.ಮೀ.; ಅಂಚಿನಲ್ಲಿ ಅದರ ಮೇಲೆ ಕೆಳಗೆ ಬರುವುದು ಸುಮಾರು 35 ಮಿ.ಮೀ. ರಿಮ್ ಮಾತ್ರ, ಒಟ್ಟು 218 ಆಗುತ್ತದೆ. ಅದನ್ನೇ ಹಬ್ಬಿನ ಹತ್ತಿರ ತಂದರೆ ಮುಚ್ಚಳ ಮುಚ್ಚುವುದಿಲ್ಲ. ಡ್ರಾಪ್‌ಔಟ್ ನಡುವೆ ಪ್ಲಾಸ್ಟಿಕ್ ಸ್ಪೇಸರ್ ಕೊಡಿ. ರೋಟರ್, ಪೆಡಲ್, ಕ್ರ್ಯಾಂಕ್, ಡಿರೇಲರ್ ಎಲ್ಲ ಬಿಚ್ಚಿ ಬಟ್ಟೆಯಲ್ಲಿ ಸುತ್ತಿ. ಎಡ ಪೆಡಲಿನ ಮರೆ (ಥ್ರೆಡ್) ಉಲ್ಟಾ ಎಂಬುದು ಗೊತ್ತಿದ್ದದ್ದೇ, ಆದರೂ ಅವಸರದಲ್ಲಿ ಅದನ್ನೇ ಎಲ್ಲರೂ ಹಾಳು ಮಾಡುವುದು. ಟೈರ್ ಮಡಚುವಂಥದ್ದೇ ಇರಬೇಕು, ತಂತಿ ಅಂಚಿನ ಟೈರ್ ಮಡಚಿದರೆ ಸೊಟ್ಟಗಾಗುತ್ತದೆ. ಟ್ಯೂಬ್‌ಲೆಸ್ ದ್ರವದ ರಗಳೆ ಬೇಡವೆಂದರೆ ಪ್ರವಾಸಕ್ಕೆ ಹಗುರವಾದ ಟಿಪಿಯು (ರಬ್ಬರಿನಂಥ ಪ್ಲಾಸ್ಟಿಕ್) ಟ್ಯೂಬ್ ಹಾಕಿ. ಮೆತ್ತನೆ ಪೆಟ್ಟಿಗೆಯಾದರೆ ಒಂದಿಂಚಿನ ಪಿವಿಸಿ ಪೈಪನ್ನು ಪೆಟ್ಟಿಗೆಯ ಒಳ ದಪ್ಪಕ್ಕೆ ಸರಿಯಾಗಿ ಕತ್ತರಿಸಿ, ನಾಲ್ಕಾರು ತುಂಡುಗಳನ್ನು ಕಡ್ಡಿಗಳ ನಡುವೆ ಲಂಬವಾಗಿ ನಿಲ್ಲಿಸಿ, ಎರಡೂ ತುದಿಗೆ ಕ್ಯಾಪ್ ಹಾಕಿ. ಮೇಲೆ ಬೀಳುವ ಭಾರವನ್ನು ಅವು ಹೊರುತ್ತವೆ, ರಿಮ್ ಅಲ್ಲ. ಕಟ್ಟಲು ಜಿಪ್ ಟೈ ಬೇಡ, ವೆಲ್ಕ್ರೋ ಪಟ್ಟಿ ಬಳಸಿ. ತಪಾಸಣೆಯವರು ಜಿಪ್ ಟೈ ಕತ್ತರಿಸಿದರೆ ಮತ್ತೆ ಕಟ್ಟಲು ಅವರಲ್ಲಿ ಇರುವುದಿಲ್ಲ. ತುಂಬಿದ ಪೆಟ್ಟಿಗೆಯ ಫೋಟೋ ಒಂದನ್ನು ಮುಚ್ಚಳದ ಒಳಗೆ ಅಂಟಿಸಿ. ಗಾಳಿ ತುಂಬುವ ಸಿಒ2 ಕಾರ್ಟ್ರಿಜ್ ಮನೆಯಲ್ಲೇ ಬಿಡಿ. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕಡೆ ಹೋಗುವವರು ಟೈರ್, ಪೆಡಲಿನ ಮಣ್ಣನ್ನು ಒಂದು ಚೂರೂ ಉಳಿಯದಂತೆ ತೊಳೆಯಬೇಕು, ಅಲ್ಲಿನ ಜೈವಿಕ ಸುರಕ್ಷತೆಯವರು ಕೆದಕಿ ನೋಡುತ್ತಾರೆ.

ತೂಕದ ಲೆಕ್ಕ ಬೇರೆಯೇ. ಸೈಕಲ್ 13ರಿಂದ 14 ಕೆಜಿ, ಮೆತ್ತನೆ ಪೆಟ್ಟಿಗೆ 4ರಿಂದ 5, ಟೂಲ್ಸ್ ಒಂದೂವರೆ. ಒಟ್ಟು 20ರ ಆಸುಪಾಸು, 23ರ ಒಳಗೆ ಬಂತು. ಗಟ್ಟಿ ಪೆಟ್ಟಿಗೆಯಾದರೆ ಇನ್ನೂ ಮೂರ್ನಾಲ್ಕು ಕೆಜಿ ಸೇರಿ ಮಿತಿಗೆ ತಾಗುತ್ತದೆ. ಆದರೆ ಭಾರತದೊಳಗಿನ ವಿಮಾನಗಳಲ್ಲಿ ಸಾಮಾನ್ಯ ಮಿತಿ 15 ಕೆಜಿ. ಬೆಂಗಳೂರಿನಿಂದ ದಿಲ್ಲಿ ಮೇಲೆ ಲೇಹ್‌ಗೆ ಹೋಗುವವರಿಗೆ ಪೆಟ್ಟಿಗೆ ಎಷ್ಟು ಚಿಕ್ಕದಾದರೂ ಹೆಚ್ಚುವರಿ ತೂಕದ ದುಡ್ಡು ತಪ್ಪುವುದಿಲ್ಲ. ಅದನ್ನು ಕೌಂಟರಿನಲ್ಲಿ ಕಟ್ಟುವ ಬದಲು ಮೊದಲೇ ಆನ್‌ಲೈನ್‌ನಲ್ಲಿ ಕೊಂಡರೆ ಅಗ್ಗ. ವಿದೇಶಕ್ಕೆ ಹೋಗುವಾಗ ದೇಶದೊಳಗಿನ ಹಾರಾಟವೂ ಅದೇ ಟಿಕೆಟಿನಲ್ಲಿದ್ದರೆ ಸಾಮಾನ್ಯವಾಗಿ ವಿದೇಶಿ ಹಾರಾಟದ ಮಿತಿಯೇ ಅನ್ವಯಿಸುತ್ತದೆ. ಬೇರೆ ಬೇರೆ ಟಿಕೆಟ್ ಕೊಂಡರೆ ಇಲ್ಲ.

ಹೀಗಾಗಿ ವರ್ಷಕ್ಕೊಮ್ಮೆ ಲೇಹ್‌ಗೆ ಹೋಗುವವರಿಗೆ ನಮ್ಮ ಸಲಹೆ: ಫ್ರೇಮ್ ಮುಟ್ಟಬೇಡಿ. ಅಂಗಡಿಯಿಂದ ಸೈಕಲ್ ರಟ್ಟಿನ ಡಬ್ಬ ತಂದು ಸೈಕಲ್ ಶುಲ್ಕ ಕಟ್ಟಿ ಹೋಗಿ. ಸೈಕಲ್ಲಿಗೆ ಬೇರೆ ಶುಲ್ಕ ಹಾಕುವ ವಿಮಾನಗಳಲ್ಲಿ ವಿದೇಶಕ್ಕೆ ಮೇಲಿಂದ ಮೇಲೆ ಹೋಗುವವರಿಗೆ, ಇಳಿದ ಮೇಲೆ ಪೆಟ್ಟಿಗೆಯನ್ನು ರೈಲಿಗೋ ಟ್ಯಾಕ್ಸಿಯ ಡಿಕ್ಕಿಗೋ ಹಾಕಬೇಕಾದವರಿಗೆ ಕಪ್ಲರ್ ತಕ್ಕದ್ದು.

ಮತ್ತೆ ಜೋಡಿಸಲು ಒಂದು ಗಂಟೆಯಾದರೂ ಇಟ್ಟುಕೊಳ್ಳಿ. ಕಪ್ಲರಿನ ಹಲ್ಲು, ಮರೆ ಒರೆಸಿ ಗ್ರೀಸ್ ಹಚ್ಚಿ. ಒಂದು ಕಣ ಮರಳು ಉಳಿದರೂ ಕಿರುಗುಟ್ಟುತ್ತದೆ. ಎರಡೂ ನಟ್ಟುಗಳನ್ನು ಮೊದಲು ಕೈಯಲ್ಲಿ ತಿರುಗಿಸಿ ಕೂರಿಸಿ, ಆಮೇಲೆ ಅದರದೇ ಸ್ಪ್ಯಾನರಿನಿಂದ ಸರದಿಯಂತೆ ಬಿಗಿಯಿರಿ. ಆ ಸ್ಪ್ಯಾನರ್ ಮರೆತರೆ ಸಾಮಾನ್ಯ ಅಂಗಡಿಗಳಲ್ಲಿ ಸಿಗುವುದಿಲ್ಲ. ಹೆಡ್‌ಸೆಟ್ಟಿನ ಮೇಲಿನ ಕ್ಯಾಪ್ ಮೊದಲು, ಸ್ಟೆಮ್ ಬೋಲ್ಟು ಆಮೇಲೆ. ಸೆಂಟರ್‌ಲಾಕ್ ರೋಟರಿಗೆ 40 ನ್ಯೂಟನ್ ಮೀಟರ್, ಶಿಮಾನೋ ಹಾಲೋಟೆಕ್ 2 ಕ್ರ್ಯಾಂಕಿನ ಬೋಲ್ಟುಗಳಿಗೆ 12ರಿಂದ 14. ಮೊದಲ ದಿನ ಅರ್ಧ ಗಂಟೆ ಓಡಿಸಿದ ಮೇಲೆ ಸೈಕಲ್ ನಿಲ್ಲಿಸಿ ಎರಡೂ ಕಪ್ಲರ್‌ಗೆ ಮತ್ತೊಮ್ಮೆ ಸ್ಪ್ಯಾನರ್ ಹಾಕಿ ನೋಡಿ. ಗ್ರೀಸ್ ಹಿಂಡಿಹೋಗಿ ಸಾಮಾನ್ಯವಾಗಿ ಇನ್ನೂ ಒಂದಿಷ್ಟು ತಿರುಗುತ್ತವೆ.